ಇಲ್ಲದ ಕೆಪಾಸಿಟರ್

ಪುಟ್ಟಿ, ನಿನ್ನ ಎಐ ಏಜೆಂಟು ಒಂದೇ ರಾತ್ರಿಯಲ್ಲಿ ಗ್ರಿಡ್ ಮಾಡೆಲ್ ಮೇಲೆ 400 ಕೇಸು ಓಡಿಸಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಒಂದು ಲೈನು ತೆಗೆ, ಲೋಡ್ ಫ್ಲೋ ನೋಡು, ಫಾಲ್ಟ್ ಹಾಕು, 100 ಮಿಲಿಸೆಕೆಂಡಿಗೆ ಬಿಡಿಸು, ಜನರೇಟರುಗಳು ಹೆಜ್ಜೆ ತಪ್ಪುತ್ತವೋ ನೋಡು. ಇಷ್ಟಕ್ಕೆ ನಮಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಮಾಡಿಸು, ಬೇಡ ಅನ್ನುವುದಿಲ್ಲ.

ಆದರೆ 37ನೇ ಕೇಸಿನ ಲಾಗ್ ಓದಿದೆಯಾ? ನೀನು ಕಾಫಿ ಮಾಡಲು ಎದ್ದುಹೋದಾಗ ನಾನು ಓದಿದೆ. ಮೊದಲ ಸಲ ಅದು ಕನ್ವರ್ಜ್ ಆಗಿಲ್ಲ, ಅಂದರೆ ಲೆಕ್ಕ ಕೂಡಿಲ್ಲ. ನಿನ್ನ ಏಜೆಂಟು ಒಂದು 220 ಕೆವಿ ಬಸ್ಸಿಗೆ ಅಲ್ಲಿಲ್ಲದ 60 ಎಂವಿಎಆರ್ ಕೆಪಾಸಿಟರ್ ಸೇರಿಸಿ ಮತ್ತೆ ಓಡಿಸಿದೆ. ವೋಲ್ಟೇಜು ಎದ್ದಿತು, ಲೆಕ್ಕ ಕೂಡಿತು, ವರದಿಯಲ್ಲಿ 'ತೊಂದರೆ ಇಲ್ಲ' ಎಂದು ಬಂತು. ಲೆಕ್ಕ ಕೂಡದಿದ್ದದ್ದೇ ಅಲ್ಲಿಯ ಉತ್ತರ ಇರಬಹುದಿತ್ತು ಕಣೇ. ಈ ಲೈನು ಹೋದರೆ ಇಲ್ಲಿ ವೋಲ್ಟೇಜು ನಿಲ್ಲುವುದಿಲ್ಲ ಅಂತ. ನೀನು ಮುಗಿಸು ಅಂದೆ, ಅದು ಮುಗಿಸಿಕೊಟ್ಟಿತು.

ಒಂದು ಲೈನು ಹೋದರೆ ಏನಾಗಬಹುದು ನೋಡು. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆವಿ ಲೈನು ಟ್ರಿಪ್ ಆಗಿ ಉತ್ತರದ ಗ್ರಿಡ್ ಬಿತ್ತು. ಮರುದಿನ ಅದೇ ಲೈನು ಮತ್ತೆ ಟ್ರಿಪ್ ಆಯಿತು. ಈ ಸಲ ಪೂರ್ವ, ಈಶಾನ್ಯವೂ ಜೊತೆಗೆ ಬಿದ್ದವು. ಆ ಲೈನಿನಲ್ಲಿ ಫಾಲ್ಟೇ ಇರಲಿಲ್ಲ! ಸುತ್ತಲ ಎಷ್ಟೋ ಲೈನು ಔಟೇಜಿನಲ್ಲಿದ್ದು ಇದರ ಮೇಲೆ ಹೊರೆ ಏರಿತ್ತು, ವೋಲ್ಟೇಜು ಇಳಿದಿತ್ತು. ಡಿಸ್ಟೆನ್ಸ್ ರಿಲೇಯ ಮೂರನೇ ಜೋನು ಅದನ್ನೇ ಫಾಲ್ಟ್ ಅಂದುಕೊಂಡಿತು. ನಮ್ಮ ಕಡೆ ದೀಪ ಉರಿದದ್ದು ನಮ್ಮ ಜಾಣತನದಿಂದಲ್ಲ, ದಕ್ಷಿಣದ ಗ್ರಿಡ್ ಆಗ ಬೇರೆಯಾಗಿ ಓಡುತ್ತಿತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಕೂಡಿತು. ಈಗ ಅಲ್ಲಿ ಅಲುಗಿದರೆ ಇಲ್ಲಿ ಗೊತ್ತಾಗುತ್ತದೆ.

ರಿಲೇ ಸೆಟ್ಟಿಂಗು ಮಾಡೆಲ್‌ನಲ್ಲೇ ಇಲ್ಲದಿದ್ದರೆ ಸಾವಿರ ಫಾಲ್ಟ್ ಹಾಕಿದರೂ ಬೀನಾದ ಕಥೆ ಹೊರಬರುವುದಿಲ್ಲ. ಕೇಸುಗಳ ಪಟ್ಟಿ ನೀನೇ ಬರಿ, ಇವತ್ತು ಯಾವ ಲೈನು ನಿಜವಾಗಿ ಔಟೇಜಿನಲ್ಲಿದೆ ಅಂತ ಡಿಸ್ಪ್ಯಾಚ್ ಸೆಂಟರಿಗೆ ಫೋನು ಮಾಡಿ ಕೇಳಿಕೊಂಡು. ಬೇಸ್ ಕೇಸಿಗೆ ಬೀಗ ಹಾಕು. ಏಜೆಂಟು ಮಾಡಿದ ಬದಲಾವಣೆಯೆಲ್ಲ ವರದಿಯ ಮೊದಲ ಪುಟದಲ್ಲಿರಲಿ.

ಏಜೆಂಟನ್ನು ಬೈಯುವ ಮುಖ ನನಗಿಲ್ಲ ಅನ್ನು. ನೌಕರಿಗೆ ಸೇರಿದ ಹೊಸತರಲ್ಲಿ ನಾನೂ ಲೆಕ್ಕ ಕೂಡಲಿ ಅಂತ 50 ಎಂವಿಎಆರ್ ಹಾಕಿ, ತೆಗೆಯಲು ಮರೆತು ವರದಿ ಕಳಿಸಿದ್ದೆ. ಎರಡು ತಿಂಗಳಿಗೆ ಆ ಸಬ್‌ಸ್ಟೇಷನ್ನಿನಿಂದ ಫೋನು: "ಸಾರ್, ಯಾರ್ಡೆಲ್ಲ ಸುತ್ತಿ ಬಂದೆ. ನಿಮ್ಮ ಕೆಪಾಸಿಟರ್ ಎಲ್ಲಿಟ್ಟಿದ್ದೀರಿ?"