ಹುಡುಗನ ಸ್ವರ (ಆದಿಕಾಂಡ 21:14-19)

ಆದಿಕಾಂಡ 21 ತೆಗೆಯಿರಿ, 14ನೇ ವಚನದಿಂದ.

ಹಾಗರಳು ಬೆಳಿಗ್ಗೆ ಬೆಳಿಗ್ಗೆನೇ ಮನೆ ಬಿಟ್ಟು ಹೊರಟಿದ್ದಾಳೆ. ರೊಟ್ಟಿ, ಒಂದು ತಿತ್ತಿ ನೀರು, ಜೊತೆಗೆ ಮಗ. ಅಷ್ಟೇ ಲಗೇಜು. ಬೇರ್ಷೆಬದ ಅಡವಿಯಲ್ಲಿ ನೀರು ಮುಗಿಯುತ್ತೆ. ಮಗನನ್ನು ಗಿಡದ ಕೆಳಗೆ ಬಿಟ್ಟು, ದೂರ ಹೋಗಿ ಕೂತು ಅಳುತ್ತಾಳೆ. ಗಮನಿಸಿ, 16ನೇ ವಚನದಲ್ಲಿ ಅಳೋದು ತಾಯಿ. 17ರಲ್ಲಿ ದೇವರು ಕೇಳಿಸಿಕೊಂಡದ್ದು ಹುಡುಗನ ಸ್ವರ! ಇಷ್ಮಾಯೇಲ್ ಅಂದರೇ ದೇವರು ಕೇಳುತ್ತಾನೆ ಅಂತ ಅರ್ಥ.

ಹೊಸಕೆರೆಹಳ್ಳಿಯ ನಮ್ಮ ಸಭೆಯಿಂದ ನಾಲ್ಕು ಜನ ಪ್ರತಿ ಶನಿವಾರ ಒಂದು ಆಶ್ರಯಧಾಮಕ್ಕೆ ಹೋಗಿ ಮಕ್ಕಳಿಗೆ ಕಥೆ ಓದುತ್ತೇವೆ. ಗಂಡನ ಹೊಡೆತ ತಾಳಲಾರದೆ ಬಂದ ತಾಯಂದಿರು ಅಲ್ಲಿದ್ದಾರೆ. ಎಲ್ಲಿ ಅಂತ ಹೇಳಲ್ಲ. ಹುಡುಕಿಕೊಂಡು ಬರೋ ಗಂಡಸರಿದ್ದಾರೆ. ಆದ್ದರಿಂದ ಫೋಟೊ ಇಲ್ಲ, ಸ್ಟೇಟಸ್ ಇಲ್ಲ, ಲೊಕೇಶನ್ ಇಲ್ಲ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 6ನೇ ಕಲಂ ಪ್ರಕಾರ, ನೊಂದ ಹೆಂಗಸು ಕೇಳಿದರೆ ಆಶ್ರಯಧಾಮದವರು ಜಾಗ ಕೊಡಲೇಬೇಕು. ತಾಯಿಗೆ ಜಾಗ ಸಿಕ್ಕ ಮೇಲೆ ವಕೀಲರು, ಕೌನ್ಸೆಲರ್, ಪೊಲೀಸ್ ಸ್ಟೇಷನ್ ಅಂತ ಓಡಾಟ. ಮಗು ಬಾಗಿಲ ಹತ್ರ ಕಾಯುತ್ತಾ ಕೂತಿರುತ್ತೆ. ಅದರ ಸ್ಕೂಲ್ ಬ್ಯಾಗು ಹಳೇ ಮನೆಯಲ್ಲೇ ಉಳಿದಿರುತ್ತೆ.

ಮೊದಲ ವಾರ ನಾನೇ ತಪ್ಪು ಮಾಡಿದೆ. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದವನಲ್ವಾ, ಮಾತು ಜಾಸ್ತಿ. ಒಬ್ಬ ಚಿಕ್ಕ ಹುಡುಗನನ್ನು "ಮನೆ ಎಲ್ಲಪ್ಪಾ? ಅಪ್ಪ ಏನ್ ಕೆಲಸ ಮಾಡ್ತಾರೆ?" ಅಂತ ಕೇಳಿಬಿಟ್ಟೆ. ಅವನು ಎದ್ದುಹೋಗಿ ಗೋಡೆಗೆ ಮುಖ ಮಾಡಿ ಕೂತ. ಅಲ್ಲಿ ನೋಡಿಕೊಳ್ಳೋ ಅಕ್ಕ ನನ್ನನ್ನು ಆಚೆ ಕರೆದು, "ಅಣ್ಣಾ, ಉತ್ತರ ಹೇಳಿ ಹೇಳಿ ಈ ಮಕ್ಕಳಿಗೆ ಸಾಕಾಗಿದೆ. ನೀವು ಬರೀ ಓದಿ" ಅಂದರು.

ಅವತ್ತಿಂದ ಬರೀ ಓದೋದು. ಸಾಕ್ಷಿ ಹೇಳೋದು, ಪ್ರಾರ್ಥನೆ ಮಾಡಿಸೋದು ಬೇಡ. ಎದ್ದು ಹೋಗೋಕೆ ಬೇರೆ ಜಾಗ ಇಲ್ಲದ ಮಗುವಿಗೆ ಅದು ಒತ್ತಾಯವೇ ಆಗುತ್ತೆ. ನಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಸಲಕ್ಕೆ ಮುಗಿಯೋ ಕಥೆ ಆರಿಸಿ. ಮುಂದಿನ ವಾರ ಆ ಮಗು ಅಲ್ಲಿ ಇರದೇ ಹೋಗಬಹುದು. ಎಲ್ಲಿ ಹೋಯ್ತು ಅಂತ ಕೇಳೋ ಹಾಗಿಲ್ಲ. ಇದು ನನಗೆ ಇನ್ನೂ ಕಷ್ಟ. ಮಗು ತಾನಾಗಿ ಏನಾದರೂ ಹೇಳಿಕೊಂಡರೆ ಅವತ್ತೇ ಅಲ್ಲಿನ ಕೌನ್ಸೆಲರ್‌ಗೆ ತಿಳಿಸಿ. ನಮ್ಮ ಪ್ರಾರ್ಥನಾ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ದಯವಿಟ್ಟು.

ಇನ್ನೊಂದು ಮಾತು. ಆದಿಕಾಂಡ 16ರಲ್ಲಿ ದೂತನು ಹಾಗರಳಿಗೆ ಹಿಂತಿರುಗಿ ಹೋಗು ಅಂದದ್ದನ್ನೇ ಹಿಡಿದುಕೊಂಡು, ಸಭೆಗಳಲ್ಲಿ ಎಷ್ಟೋ ಅಕ್ಕಂದಿರನ್ನು "ಸಹಿಸಿಕೊಳ್ಳಮ್ಮ, ಪ್ರಾರ್ಥನೆ ಮಾಡು" ಅಂತ ಮನೆಗೆ ಕಳಿಸಿದ್ದೇವೆ. ನಾನೂ ಒಮ್ಮೆ ಹಾಗೆ ಹೇಳಿದ್ದೇನೆ. 21ರಲ್ಲಿ ದೇವರು ಹಿಂತಿರುಗು ಅನ್ನಲಿಲ್ಲ. ಹುಡುಗನನ್ನು ಎಬ್ಬಿಸಿ ಕೈ ಹಿಡಿದುಕೋ ಅಂದನು, ಬಾವಿ ತೋರಿಸಿದನು. ನಿಮ್ಮ ಹತ್ರ ಯಾರಾದರೂ ಅತ್ತುಕೊಂಡು ಬಂದರೆ ಮಹಿಳಾ ಸಹಾಯವಾಣಿ 181 ಅನ್ನೋದು ನೆನಪಿರಲಿ.

ಆ ಹುಡುಗ ಮೂರನೇ ಶನಿವಾರವೂ ಗೋಡೆ ಕಡೆಗೇ ಕೂತಿದ್ದ. ಹಿಂದಿನ ವಾರದ ಕಥೆನೇ ಮತ್ತೆ ಓದುತ್ತಿದ್ದೆ. ಆ ಕಡೆಯಿಂದಲೇ, "ಅಣ್ಣಾ, ಒಂದು ಪುಟ ಬಿಟ್ರಿ" ಅಂದ. ಪುಟ ಹಿಂದೆ ತಿರುಗಿಸಿ ಓದಿದೆ.

ಬರೋ ಮನಸ್ಸಿರುವವರು ಆರಾಧನೆ ಮುಗಿದ ಮೇಲೆ ನನ್ನನ್ನು ಕಾಣಿ. ಮೂರು ತಿಂಗಳು ತಪ್ಪದೆ ಬರುವವರು ಮಾತ್ರ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.