ಈಯದ ಚೊಂಬೂ ಮಕ್ಕಳ ಮಿದುಳೂ

ಅಣ್ಣಾ ನಗರದ ನಮ್ಮ ಕನ್ನಡ ಮನೆಗಳಲ್ಲಿ ಕೆಲವರು ಇಲ್ಲಿಯವರಂತೆಯೇ ಈಯದ ಚೊಂಬಿನಲ್ಲಿ ಸಾರು ಮಾಡುವುದುಂಟು. ತಮಿಳಿನಲ್ಲಿ ‘ಈಯ’ವೆಂಬ ಮಾತು ಎರಡು ಲೋಹಗಳಿಗೂ ಸಲ್ಲುತ್ತದೆ. ವೆಳ್ಳೀಯವೆಂದರೆ ತವರ, ಕಾರೀಯವೆಂದರೆ ಸೀಸ. ಚೊಂಬು ಅಪ್ಪಟ ತವರದ್ದಾದರೆ ಚಿಂತೆಯಿಲ್ಲ. ಆದರೆ ತವರ ದುಬಾರಿ, ಸೀಸ ಅಗ್ಗ, ಬೆರೆಸಿ ಮಾರುವವರಿದ್ದಾರೆ. ಹುಣಿಸೆಯ ಹುಳಿಗೆ ಸೀಸ ಕರಗಿ ಸಾರಿಗಿಳಿದರೆ ರುಚಿಯಿಂದಾಗಲಿ ಬಣ್ಣದಿಂದಾಗಲಿ ತಿಳಿಯದು.

ಈ ಮಾತನ್ನೆತ್ತಲು ಕಾರಣವುಂಟು. ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ ಕೂಡಲೆ, ಲೋಹದ ವಿಷವೇ ಅದಕ್ಕೆ ಮೂಲ, ಅದನ್ನು ಹೊರಹಾಕಿಸಿದರೆ ಮಗು ಸರಿಹೋಗುವುದೆಂಬ ಸಲಹೆ ತಂದೆತಾಯಿಗಳ ಕಿವಿಗೆ ಬೀಳುತ್ತದೆ. ಇದರಲ್ಲಿ ನಿಜವೆಷ್ಟು?

ಸೀಸವು ಎಳೆಯ ಮಿದುಳನ್ನು ಕೆಡಿಸುತ್ತದೆಂಬುದು ನಿಸ್ಸಂದೇಹ. ಒಳಹೋದ ಸೀಸವನ್ನು ಮಗುವಿನ ಮೈ ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚು ಹೀರಬಲ್ಲದು. ಆಹಾರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಸಾಲದಿದ್ದರೆ ಇನ್ನೂ ಹೆಚ್ಚು. ನಮ್ಮ ಚೆನ್ನೈಯಲ್ಲೇ 3ರಿಂದ 7 ವರ್ಷದ 756 ಮಕ್ಕಳ ರಕ್ತವನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್ರೋಲಿನ ಸೀಸ 2000ದಲ್ಲೇ ನಿಂತಿದ್ದರೂ ಸರಾಸರಿ ಡೆಸಿಲೀಟರಿಗೆ 11 ಮೈಕ್ರೋಗ್ರಾಮಿಗೂ ಮಿಕ್ಕ ಸೀಸ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯೋ 5 ಮುಟ್ಟಿದರೇ ಮೂಲವನ್ನು ಹುಡುಕಿರೆಂದು 2021ರಲ್ಲಿ ಹೇಳಿದೆ. ಸೀಸ ಹೆಚ್ಚಿದ್ದ ಮಕ್ಕಳಲ್ಲಿ ಗಮನ ನಿಲ್ಲದಿರುವುದು, ಅಂಜಿಕೆ, ಇತರರೊಡನೆ ಬೆರೆಯಲಾಗದಿರುವುದು ಹೆಚ್ಚೆಂದು ಉಪಾಧ್ಯಾಯರ ಅಭಿಪ್ರಾಯದಿಂದ ತಿಳಿದುಬಂತು.

ಆದರೆ ಇವು ಬೇರೆ, ಆಟಿಸಂ ಬೇರೆ. ಸ್ವೀಡನ್ನಿನ ಅವಳಿ ಮಕ್ಕಳ ಹಾಲುಹಲ್ಲುಗಳನ್ನು ಪರೀಕ್ಷಿಸಿದವರು, ಆಟಿಸಂ ಇದ್ದವರ ಹಲ್ಲಿನಲ್ಲಿ ಸೀಸ ಹೆಚ್ಚಿದೆಯೆಂದು 2017ರಲ್ಲಿ ಬರೆದರು. ಸಂಬಂಧವಿರಬಹುದೆಂಬುದಕ್ಕೆ ಇದೊಂದು ಸುಳಿವು. ಪರೀಕ್ಷಿಸಿದ ಮಕ್ಕಳು ಮಾತ್ರ ಕೆಲವೇ ಮಂದಿ. ರಕ್ತಪರೀಕ್ಷೆಯಿಂದ ತೀರ್ಮಾನಿಸಹೊರಟರೆ ಇನ್ನೊಂದು ತೊಡಕು. ಆಟಿಸಂ ಇರುವ ಕೆಲವು ಮಕ್ಕಳು ಮಣ್ಣು, ಗೋಡೆಯ ಬಣ್ಣದ ಚಕ್ಕೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಸೀಸದಿಂದ ಆಟಿಸಂ ಬಂದಿತೋ, ಆಟಿಸಂನಿಂದ ಸೀಸ ಒಳಹೋಯಿತೋ?

ಲಸಿಕೆಯಲ್ಲಿನ ಪಾದರಸದ ಮೇಲಿನ ಆರೋಪವಂತೂ ನಿಲ್ಲಲಿಲ್ಲ. ಡೆನ್ಮಾರ್ಕಿನಲ್ಲಿ 1992ರಲ್ಲಿ ಅದನ್ನು ಮಕ್ಕಳ ಲಸಿಕೆಯಿಂದ ತೆಗೆದರು, ಆಟಿಸಂ ಇಳಿಯಲಿಲ್ಲ. ಲಸಿಕೆ ತಪ್ಪಿಸುವುದು ಕೇವಲ ಅವಿವೇಕ.

ಲೋಹವನ್ನು ಹೊರಹಾಕುವ ಔಷಧವುಂಟು, ನಿಜ. ಅದು ರಕ್ತದಲ್ಲಿ ಸೀಸ ವಿಪರೀತವೆಂದು ಖಚಿತವಾದವರಿಗೆ, ಅದೂ ಆಸ್ಪತ್ರೆಯಲ್ಲಿ. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ಇಂಥ ಔಷಧವನ್ನು ರಕ್ತನಾಳಕ್ಕೆ ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಕುಸಿದು ಮಗು ತೀರಿಕೊಂಡಿತು.

ಸಂಶಯವಿದ್ದ ತಾಯಂದಿರು ವೈದ್ಯರನ್ನು ಕೇಳಿ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಲಿ. ಕೂದಲಿನ ಪರೀಕ್ಷೆಯನ್ನು ನೆಚ್ಚಬೇಡಿ. ಗೊತ್ತಿಲ್ಲದ ಚೊಂಬನ್ನು ಒಲೆಯಿಂದ ಇಳಿಸಿಡಿ. ಅರಿಶಿನವನ್ನು ಕೊಂಬು ತಂದು ಪುಡಿಮಾಡಿಸಿ, ಏಕೆಂದರೆ ಹೊಳಪಿಗಾಗಿ ಸೀಸದ ಹಳದಿ ಬಣ್ಣ ಬೆರೆಸುವುದುಂಟು. ತೀರ ಹೊಳೆಯುವ ಕೊಂಬೂ ಬೇಡ. ಮಗು ಎರಡು ವರ್ಷವಾದರೂ ಹೆಸರು ಕರೆದರೆ ತಿರುಗದೆ, ಮಾತು ಬಾರದೆ ಇದ್ದರೆ ಕಾಯದೆ ತೋರಿಸಿ. ಮುಟ್ಟುಕಾಡಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ಮಾತು, ನಡವಳಿಕೆಗಳ ತರಬೇತಿ ಅಲ್ಲಿ ದೊರೆಯುತ್ತದೆ.