ಹುಲ್ಲಿನ ಬೇರು ಎಷ್ಟು ಆಳ?

ಹುಲ್ಲು ನಮಗೆ ಹೊಸದಲ್ಲ. ಹೊಲದಲ್ಲಿ ಕಳೆ ಕೀಳುವವರು ನಾವು. ದನಕ್ಕೆ ಮೇವು ಕೊಯ್ದು ತರುವವರೂ ನಾವೇ. ಆದರೆ ಮಣ್ಣಿನೊಳಗೆ ಹುಲ್ಲು ಎಷ್ಟು ಆಳ ಇಳಿದಿದೆ? ಅದನ್ನು ನೋಡಿದ್ದೀರಾ?

ಮಾವು, ಬೇವಿನ ಗಿಡಕ್ಕೆ ತಾಯಿಬೇರು ಇರುತ್ತದೆ. ಹುಲ್ಲಿಗೆ ತಾಯಿಬೇರು ಇಲ್ಲ. ಅದರ ಬುಡದಿಂದ ಕೂದಲಿನಂಥ ಬೇರುಗಳು ಹೊರಡುತ್ತವೆ. ಇವು ತಂತುಬೇರು. ಇವು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತವೆ. ಹುಲ್ಲು ಕಿತ್ತಾಗ ಮಣ್ಣೂ ಅಂಟಿಕೊಂಡು ಬರ್ತದಲ್ಲ, ಅದು ಇದಕ್ಕೇ.

ಭತ್ತ, ರಾಗಿ, ಜೋಳ ಕೂಡ ಹುಲ್ಲಿನ ಜಾತಿಯೇ. ಆದರೆ ಎಲ್ಲದರ ಬೇರು ಒಂದೇ ಆಳಕ್ಕೆ ಹೋಗುವುದಿಲ್ಲ.

ಭತ್ತ: ಗದ್ದೆಯಲ್ಲಿ ನೀರು ನಿಂತಿರುತ್ತದೆ. ಭತ್ತ ನೀರು ಹುಡುಕಬೇಕಾಗಿಲ್ಲ. ಹೆಚ್ಚಿನ ಬೇರು 1 ಗೇಣಿನೊಳಗೇ ಇರುತ್ತದೆ. ಅದಕ್ಕೇ ನೀರು ತಪ್ಪಿದರೆ ಬೇಗ ಬಾಡುತ್ತದೆ.

ಜೋಳ: ಬೇರು 4–5 ಅಡಿ ಇಳಿಯುತ್ತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನ ತೇವ ಕುಡಿಯುತ್ತದೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬದುಕುವುದು ಹೀಗೆ.

ಗರಿಕೆ: ಹೆಚ್ಚಿನ ಬೇರು 2 ಅಡಿಯೊಳಗೆ ಇರುತ್ತದೆ. ಮಣ್ಣು ಸಡಿಲವಿದ್ದು ನೀರು ಕಡಿಮೆಯಾದರೆ 6 ಅಡಿ ದಾಟಬಲ್ಲದು. ಅದರ ಕಾಂಡವೂ ನೆಲದಡಿ ಹಬ್ಬುತ್ತದೆ. ಒಂದು ತುಂಡು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ.

ಲಾವಂಚ: ಇದರ ಬೇರು ಎಲ್ಲಕ್ಕಿಂತ ಆಳ. ಒಳ್ಳೆಯ ಮಣ್ಣಿನಲ್ಲಿ 10 ಅಡಿ ಇಳಿಯುತ್ತದೆ. ಅಂದರೆ ಸುಮಾರು ಎರಡು ಆಳುದ್ದ!

ಬದು ಉಳಿಸುವ ಹುಲ್ಲು

ಜೋರು ಮಳೆ ಬಂದರೆ ಬದು ಒಡೆಯುತ್ತದೆ. ಗೊಬ್ಬರ ಹಾಕಿದ ಮೇಲ್ಮಣ್ಣು ಹಳ್ಳ ಸೇರುತ್ತದೆ. ನಮ್ಮ ದುಡಿಮೆ ನೀರುಪಾಲು. ಮುಂದಿನ ವರ್ಷ ಬೆಳೆ ಕಡಿಮೆ.

ಬದುವಿನ ಮೇಲೆ ಲಾವಂಚ ನೆಟ್ಟರೆ ಮಣ್ಣು ನಿಲ್ಲುತ್ತದೆ. ನೀರು ನಿಧಾನವಾಗಿ ಸೋಸಿ ಹೋಗುತ್ತದೆ. ಬೇರು ನೇರ ಕೆಳಗಿಳಿಯುತ್ತದೆ. ಹಾಗಾಗಿ ಪಕ್ಕದ ಬೆಳೆಗೆ ತೊಂದರೆ ಕಡಿಮೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕಡೆ ರೈತರು ಹಿಂದಿನ ಕಾಲದಿಂದಲೂ ಹೊಲದ ಗಡಿಗೆ ಲಾವಂಚ ನೆಡುತ್ತಾ ಬಂದಿದ್ದಾರೆ.

ನೆಡುವುದು ಹೇಗೆ?

1. ಹಳೆಯ ಬುಡವನ್ನು ಬೇರುಸಹಿತ ಸೀಳಿಕೊಳ್ಳಿ.
2. ಮಳೆಗಾಲದ ಮೊದಲಲ್ಲಿ ಅರ್ಧ ಗೇಣಿಗೆ ಒಂದರಂತೆ ಸಾಲಾಗಿ ನೆಡಿ.
3. ಸತ್ತ ಕಡೆ ಬೇರೆ ಸಸಿ ನೆಡಿ. 2–3 ವರ್ಷದಲ್ಲಿ ಬೇಲಿ ಕೂಡಿಕೊಳ್ಳುತ್ತದೆ.
4. ಮೊಳದೆತ್ತರ ಬಿಟ್ಟು ಮೇಲಿನದನ್ನು ಕೊಯ್ಯಿರಿ. ಎಳೆಯ ಎಲೆ ದನಕ್ಕೆ ಮೇವು.

ಎಚ್ಚರ!

ಲಾವಂಚದ ಬೇರಿಗೆ ಒಳ್ಳೆಯ ವಾಸನೆ. ಮಾರಿದರೆ ಹಣ ಬರುತ್ತದೆ. ಆದರೆ ಬದುವಿನ ಬೇರು ಅಗೆಯಬೇಡಿ. ಬೇರು ಹೋದರೆ ಬದುವೂ ಹೋಯಿತು. ಮಾರಲು ಬೇಕಾದರೆ ಬೇರೆ ಜಾಗದಲ್ಲಿ ಬೆಳೆಸಿ.

ಇನ್ನೊಂದು ಮಾತು. ಬೇರಿಗೆ ಊಟ ಸಿಗುವುದು ಎಲೆಯಿಂದ. ಯಾವ ಹುಲ್ಲನ್ನೇ ಆಗಲಿ, ಮತ್ತೆ ಮತ್ತೆ ನೆಲಮಟ್ಟ ಕೊಯ್ದರೆ ಬೇರು ಬೆಳೆಯದು. ಮೇವು ಕೊಯ್ಯುವಾಗ ಬುಡದಲ್ಲಿ ಸ್ವಲ್ಪ ಹಸಿರು ಬಿಡಿ.

ಓದಿ, ಬರೆಯಿರಿ
ಹುಲ್ಲು, ಮಣ್ಣು, ಭತ್ತ, ತಾಯಿಬೇರು, ತಂತುಬೇರು, ಲಾವಂಚ

ಬಿಟ್ಟ ಪದ ತುಂಬಿರಿ
1. ಹುಲ್ಲಿಗೆ ________ ಇಲ್ಲ.
2. ಲಾವಂಚದ ಬೇರು ______ ಅಡಿ ಇಳಿಯುತ್ತದೆ.

ಮಾಡಿ ನೋಡಿ
ಮಳೆಗೆ ಕುಸಿದ ಬದುವಿನ ಹತ್ತಿರ ಹೋಗಿ. ಹೊರಗೆ ಕಾಣುವ ಬೇರನ್ನು ಗೇಣಿನಿಂದ ಅಳೆಯಿರಿ. ಯಾವ ಹುಲ್ಲು, ಎಷ್ಟು ಗೇಣು? ಬರೆದು ತಂದು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.